ಐದಕ್ಕೆ ಐದು ಬರಕೋ

ಬೆಂಗಳೂರಿನ ಒಂದು ಕಂಪನಿಯವರು, ಆಪ್ ಪರೀಕ್ಷೆ ಮಾಡುವಾಗ ಬೇರೆ ಬೇರೆ ಸಂಸ್ಕೃತಿಯ ಜನರನ್ನು ಹೇಗೆ ಮಾತಾಡಿಸಬೇಕು ಅಂತ ಕೈಪಿಡಿ ಬರೆಯುತ್ತಿದ್ದಾರೆ. ಅರವತ್ತು ಪುಟ ಆಗಲೇ ಮುಗಿದಿತ್ತು, ಜನರನ್ನು ಮಾತಾಡಿಸೋದು ಮಾತ್ರ ಬಾಕಿ. ಅದಕ್ಕೆ ಹುಬ್ಬಳ್ಳಿಯ ನನ್ನನ್ನು ದುಭಾಷಿ ಅಂತ ಕರೆದರು. ಬಂದ ಹುಡುಗ ಮೈಸೂರು ಕಡೆಯವನು, ಅಚ್ಚ ಕನ್ನಡದವನು. ಆದರೂ ದುಭಾಷಿ ಬೇಕಂತೆ. ಇರಲಿ, ದಿನಗೂಲಿ ಕೊಡ್ತಾರೆ.

ಉತ್ತರ ಕರ್ನಾಟಕಕ್ಕೆ ಐದು ಜನ ಸಾಕು ಅಂತ ಕೈಪಿಡಿ ಹೇಳುತ್ತದೆ. ವೆಬ್‌ಸೈಟು ಬಳಸೋಕೆ ಸುಲಭವೇ ಅಂತ ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಹೇಳಿದ್ದು, ಒಂದು ವೆಬ್‌ಸೈಟಿನ ತೊಡಕು ಹುಡುಕೋಕೆ ಒಂದು ಸಲಕ್ಕೆ ಐದು ಜನ ಸಾಕು ಅಂತ. ಬಳಸುವವರು ಬೇರೆ ಬೇರೆ ಥರದವರಾದರೆ ಜಾಸ್ತಿ ಜನ ಬೇಕು ಅಂತಲೂ ಅಲ್ಲೇ ಬರೆದಿದ್ದಾರೆ, ಅದನ್ನು ಯಾರು ಓದ್ತಾರೆ? ಬೀದರಿನಿಂದ ಹಾವೇರಿವರೆಗೆ ಐದೇ ಜನ ಅಂದರೆ ಜಿಲ್ಲೆಗೆ ಒಬ್ಬರೂ ಬರಲ್ಲ. ಮುಂದಿನ ಪುಟದಲ್ಲಿ ಭಾರತೀಯರ ಸ್ವಭಾವ ಅಂಕಿಗಳಲ್ಲಿದೆ. ಅದು ದೇಶದೇಶದ ಸಂಸ್ಕೃತಿ ಅಳೆದ ಹಾಫ್‌ಸ್ಟೆಡೆ ಅನ್ನೋ ಡಚ್ ಸಂಶೋಧಕರ ಲೆಕ್ಕ, 1967ರಿಂದ 1973ರ ನಡುವೆ ಐಬಿಎಂ ಅನ್ನೋ ಕಂಪ್ಯೂಟರ್ ಕಂಪನಿಯ ನೌಕರರಿಂದ ತುಂಬಿಸಿದ ಪ್ರಶ್ನಾವಳಿಯಿಂದ ಹುಟ್ಟಿದ್ದು. ಪಕ್ಕದ ಮನೆಯವನ ಜ್ವರ ನೋಡಿ ನಮಗೆ ಗುಳಿಗೆ ಕೊಟ್ಟ ಹಾಗೆ.

ಬ್ಯಾಡಗಿಗೆ ಹೋದದ್ದು ಸೋಮವಾರ, ಮೆಣಸಿನಕಾಯಿ ಮಾರುಕಟ್ಟೆ ದಿನ. ಚೀಲದ ಮೇಲೆ ಚೀಲ, ಘಾಟು, ಸೀನು. ಕೈಪಿಡಿಗೆ ಬೇಕಾದದ್ದು ಶಾಂತವಾದ ಕೋಣೆ, ಒಬ್ಬರೇ ಮನುಷ್ಯ, 45 ನಿಮಿಷ. ಸಿಕ್ಕವರು ಚೀಲದ ಮೇಲೆ ಕೂತ ಒಬ್ಬ ಅಜ್ಜ. ಮೊದಲು ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟೆವು.

"ಸಾಲದ ಕಾಗದೇನೋ ತಮ್ಮಾ ಇದು?"

ಅಷ್ಟರಲ್ಲಿ ಸುತ್ತ ಎಂಟು ಜನ ನಿಂತರು. ಹುಡುಗ ಬೆವರಿದ, ಗುಂಪು ಚರ್ಚೆಗೆ ಬಜೆಟ್ ಬೇರೆಯಂತೆ. ಮೊಬೈಲ್ ಕೈಗೆ ಕೊಟ್ಟು, ಮೆಣಸಿನಕಾಯಿ ರೇಟು ತೋರಿಸುವ ಆಪ್ ಬಳಸುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳಿ ಅಂದ.

"ಒಬ್ಬಾಂವನ ಮಾತಾಡ್ಕೋತ ಕುಂತ್ರ ಮಂದಿ ಏನಂತಾರ?"

ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ ಅಂತ ಕೇಳಿದ. "ಐದಕ್ಕ ಐದು ಬರಕೋ. ಪಾಪ, ಬೆಂಗಳೂರಿಂದ ಬಂದಿ." ಇನ್ನು ಮುಂದೆ ಬಳಸ್ತೀರಾ? "ನೋಡೋಣಂತ."

ನಮ್ಮ ಕಡೆ ನೋಡೋಣ ಅಂದರೆ ಇಲ್ಲ ಅಂತ. ಇದು ಸಾಲ ಕೇಳೋಕೆ ಹೋದವರಿಗೂ ಗೊತ್ತು, ಸಂಬಂಧ ಕೇಳೋಕೆ ಹೋದವರಿಗೂ ಗೊತ್ತು. ಹುಡುಗನಿಗೆ ಹೇಳಿದೆ. ಅವನು 'ಆಸಕ್ತಿ ಇದೆ' ಅಂತ ಟೈಪ್ ಮಾಡಿದ. ದುಭಾಷಿ ಸ್ವಂತ ಅಭಿಪ್ರಾಯ ಸೇರಿಸಬಾರದು ಅಂತ ಹದಿನಾಲ್ಕನೇ ಪುಟದಲ್ಲಿದೆಯಂತೆ.

ಆಮೇಲೆ ಅಜ್ಜ ಚಹಾ ತರಿಸಿದರು. ಜನರಿಂದ ಏನೂ ತಗೋಬಾರದು ಅನ್ನೋ ನಿಯಮ ಬೇರೆ, ಹಾಗಾಗಿ ಅವನ ಕಪ್ಪನ್ನೂ ನಾನೇ ಕುಡಿದೆ. ರೆಕಾರ್ಡರ್ ಬಂದ್ ಆಗಿತ್ತು. ಅಜ್ಜ ಆಗ ಬಾಯಿ ಬಿಟ್ಟರು.

"ಅಲ್ಲೋ, ಇದ್ರಾಗ ಒಂದ ರೇಟ ತೋರಸ್ತೈತಿ. ಡಬ್ಬಿ ಮೆಣಸಿನಕಾಯಿ ಬ್ಯಾರೆ, ಕಡ್ಡಿ ಮೆಣಸಿನಕಾಯಿ ಬ್ಯಾರೆ. ಬಣ್ಣ ನೋಡಬೇಕು, ಕೈಯಾಗ ಹಿಡದು ಹಸಿ ಐತೋ ಒಣಗೇತೋ ನೋಡಬೇಕು. ಇಲ್ಲಿ ನಿಂತ್ರ ನನಗ ಗೊತ್ತಾಗ್ತೈತಿ, ಈ ಮೊಬೈಲ್ ಡಬ್ಬಿಗೆ ಹೆಂಗ ಗೊತ್ತಾಗ್ಬೇಕು?"

ಬರಕೊಳ್ಳೋ ಮಾರಾಯ ಅಂದೆ. 45 ನಿಮಿಷ ಮುಗಿದಿದೆ ಸರ್, ಇದು ಡೇಟಾ ಅಲ್ಲ ಅಂದ.

ವಾಪಸ್ ಬರುವಾಗ ಗಾಡಿಯಲ್ಲಿ ಕೇಳಿದ, "ಮುಂದಿನ ತಿಂಗಳು ಕಲಬುರಗಿ, ಬರ್ತೀರಾ ಸರ್?"

ನೋಡೋಣ ಅಂದೆ. ಟಿಕೆಟ್ ಬುಕ್ ಮಾಡಿಬಿಟ್ಟಿದ್ದಾರೆ.