ಬ್ರಿಟನ್ನಿನ ಕದನ, ನಾಗಾಲ್ಯಾಂಡಿನ ಬೆಟ್ಟ

2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನವರು ಓಟು ಹಾಕಿಸಿ ‘ಬ್ರಿಟನ್ನಿನ ಮಹಾಕದನ’ ಆರಿಸಿದ್ದರಲ್ಲ, ಆ ಸುದ್ದಿಯನ್ನು ಯಾರೋ ಪುಣ್ಯಾತ್ಮರು ಮತ್ತೆ ವಾಟ್ಸಾಪಿನಲ್ಲಿ ತೇಲಿಬಿಟ್ಟಿದ್ದಾರೆ, ‘ಹೆಮ್ಮೆಯ ಕ್ಷಣ’ ಅಂತ ತಲೆಬರಹ ಬೇರೆ. ವಾಟರ್‌ಲೂ, ನಾರ್ಮಂಡಿಗಳನ್ನು ಹಿಂದಿಕ್ಕಿ ಗೆದ್ದದ್ದು ಇಂಫಾಲ–ಕೊಹಿಮಾ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯಿಂದ ನುಗ್ಗಿದ ಜಪಾನಿಯರನ್ನು ಬ್ರಿಟಿಷರ ಸೇನೆ 1944ರಲ್ಲಿ ತಡೆದ ಕದನ. ಸಂತೋಷ. ಮಣಿಪುರ, ನಾಗಾಲ್ಯಾಂಡ್ ಇಂಗ್ಲೆಂಡಿನ ಯಾವ ಜಿಲ್ಲೆಯಲ್ಲಿವೆ ಅಂತ ಮಾತ್ರ ಕೇಳಬಾರದು. ಅಲ್ಲಿ ಕಾದಿದ ಬ್ರಿಟಿಷ್ ಜನರಲ್ ಸ್ಲಿಮ್ ಸಾಹೇಬರ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ಪಂಜಾಬಿಗಳು, ಗೂರ್ಖಾಗಳು, ಮದ್ರಾಸಿಗಳು. ಆಫ್ರಿಕಾದಿಂದಲೂ ಜನ ಬಂದಿದ್ದರು. ಉತ್ತವರು ಯಾರಾದರೇನು, ಪಹಣಿ ಇರುವುದು ಗೌಡರ ಹೆಸರಲ್ಲಿ ತಾನೇ?

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಬ್ರಿಟಿಷರ ಪರ ಕಾದಾಡಿದರು, ಅವರಣ್ಣ ಸುಭಾಷರ ಸೇನೆ ಸೇರಿದ್ದರು. ಓಟು ಎಣಿಸಿದವರು ಇವರಲ್ಲಿ ಯಾರನ್ನು ಬ್ರಿಟನ್ನಿನವರೆಂದು ಬರೆದುಕೊಂಡರೋ.

ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನ್ನಿಸ್ ಕೋರ್ಟಿನಲ್ಲಿ 1944ರ ಏಪ್ರಿಲ್‌ನಲ್ಲಿ ಆ ಕಡೆ ಜಪಾನಿಯರು, ಈ ಕಡೆ ಬ್ರಿಟಿಷರ ಸೇನೆಯವರು, ನಡುವೆ ಹಾರಾಡಿದ್ದು ಗ್ರೆನೇಡು. ನಾಗಾ ಬೆಟ್ಟದ ನೆತ್ತಿಯಲ್ಲಿ ಟೆನ್ನಿಸ್ ಕೋರ್ಟು ಯಾಕೆ ಬೇಕಿತ್ತು ಅನ್ನುವವನು ಸಾಮ್ರಾಜ್ಯ ಆಳಲು ನಾಲಾಯಕ್ಕು. ಈಗಲೂ ಸಮಾಧಿಗಳ ನಡುವೆ ಅದರ ಗೆರೆಗಳನ್ನು ಕಾಂಕ್ರೀಟಿನಲ್ಲಿ ಜೋಪಾನವಾಗಿ ಉಳಿಸಿದ್ದಾರೆ.

ಎದುರು ಪಾಳಯದ ಜಪಾನಿ ದಂಡನಾಯಕ ಮುತಾಗುಚಿಯವರನ್ನು ಹೊಗಳದಿದ್ದರೆ ಪಕ್ಷಪಾತವಾದೀತು. ಮೂರು ವಾರದ ಬುತ್ತಿ ಕೊಟ್ಟು ಸೈನ್ಯವನ್ನು ಬರ್ಮಾದ ಚಿಂದ್ವಿನ್ ನದಿ ದಾಟಿಸಿದರು. ಆಮೇಲೆ? ದನ ಹೊಡೆದುಕೊಂಡು ಹೋಗಿ, ಹಸಿದಾಗ ಕಡಿದು ತಿನ್ನಿ, ಚೆಂಗೀಸ್ ಖಾನ್ ಹಾಗೇ ಮಾಡುತ್ತಿದ್ದ! ಖಾನನಿಗೆ ಬಯಲು ಹುಲ್ಲುಗಾವಲಿತ್ತು ಸ್ವಾಮಿ, ಇಲ್ಲಿದ್ದದ್ದು ಬಿದಿರು ಮೆಳೆ, ಕಡಿದಾದ ಏರು. ದನಗಳಿಗೆ ಈ ರಣತಂತ್ರ ಯಾರೂ ತಿಳಿಸಿರಲಿಲ್ಲ. ಕೆಲವು ಹೊಳೆಯಲ್ಲಿ ಮುಳುಗಿದವು, ಉಳಿದವು ಏರು ಹತ್ತಲಾರದೆ ಬಿದ್ದವು. ದನ ಕಾಯುವ ಯಾವ ಹುಡುಗನನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದ. ಅಷ್ಟರಲ್ಲಿ ಮಳೆ ಹಿಡಿಯಿತು. ಅನ್ನವಿಲ್ಲ, ಗುಂಡಿಲ್ಲ ಎಂದು ಸಾತೊ ಎಂಬ ಜನರಲ್ ಅಪ್ಪಣೆ ಮೀರಿ ಕೊಹಿಮಾದಿಂದ ಹಿಂದೆ ಸರಿದರು. ಬುತ್ತಿ ಕಳಿಸದ ಸಾಹೇಬರು ಅವರನ್ನೇ ಕೆಲಸದಿಂದ ಕಿತ್ತರು. ಒಬ್ಬರಲ್ಲ, ಮೂವರು ಡಿವಿಷನ್ ಮುಖ್ಯಸ್ಥರೂ ಮನೆಗೆ. ಹೊರಟ ಸುಮಾರು 85,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಇಲ್ಲವೇ ಕೈಲಾಗದೆ ಬಿದ್ದರು. ಗುಂಡಿಗಿಂತ ಹಸಿವು, ಭೇದಿ, ಮಲೇರಿಯಾಗಳೇ ಹೆಚ್ಚು ಜನರನ್ನು ತಿಂದವು.

ನಗುವಷ್ಟು ನಕ್ಕಾಯಿತು. 1942ರಲ್ಲಿ ಜಪಾನಿಯರು ಬರ್ಮಾ ಹಿಡಿದಾಗ ಇದೇ ಕಾಡುಗಳಲ್ಲಿ ಲಕ್ಷಗಟ್ಟಲೆ ಭಾರತೀಯರು ಬರ್ಮಾ ಬಿಟ್ಟು ನಡೆದು ಬಂದರು, ಮಕ್ಕಳನ್ನು ಹೊತ್ತುಕೊಂಡು, ಕೆಸರಿನಲ್ಲಿ. ಸಾವಿರಾರು ಜನ ದಾರಿಯಲ್ಲೇ ಉಳಿದರು. ಅವರ ಹೆಸರಿನ ಪಟ್ಟಿ ಯಾರೂ ಬರೆದಿಡಲಿಲ್ಲ. ಅದೇ ವರ್ಷ ಜಪಾನಿಯರ ಕೈಗೆ ಸಿಗಬಾರದೆಂದು ಬಂಗಾಳದ ಕರಾವಳಿಯ ಅಕ್ಕಿಯನ್ನೂ ದೋಣಿಗಳನ್ನೂ ಸರ್ಕಾರವೇ ಕಿತ್ತುಕೊಂಡಿತು. ಜಪಾನಿಯರು ಬರಲೇ ಇಲ್ಲ. ಮರುವರ್ಷ ಬಂದದ್ದು ಬರಗಾಲ, ಸತ್ತವರು ಸುಮಾರು 30 ಲಕ್ಷ. ಹೆಮ್ಮೆಯ ಕ್ಷಣವಂತೆ! ದಯವಿಟ್ಟು ನನಗೆ ಫಾರ್ವರ್ಡ್ ಮಾಡಬೇಡಿ.