ದುಡ್ಡು ಯಾವಾಗ ಕಟ್ತೀರ ಸಾರ್?

ಕ್ರೆಡಿಟ್ ಕಾರ್ಡ್ ಕಂಪನಿಯವ್ರ ಹೊಸ ಸೇವೆ ನೋಡಿದ್ರಾ, ಡ್ಯೂ ಡೇಟ್ ಬರೋಕೆ ಮುಂಚೆನೇ ಫೋನ್ ಮಾಡಿ ದುಡ್ಡು ಯಾವಾಗ ಕಟ್ತೀರ ಅಂತ ಕೇಳೋದು. ಇನ್ನೂ ಟೈಮ್ ಇದೆಯಲ್ಲಮ್ಮ ಅಂದ್ರೆ, ‘ಹೌದು ಸಾರ್, ಅದಕ್ಕೇ ಜ್ಞಾಪಿಸ್ತಾ ಇದೀವಿ’. ಎಂಥಾ ಕಾಳಜಿ! ವರ್ಷಕ್ಕೊಂದು ಸಲನೂ ಫೋನ್ ಮಾಡದ ನೆಂಟರು ಇವರನ್ನ ನೋಡಿ ಕಲೀಬೇಕು.

ಕಟ್ಟಿದ ಮೇಲಾದ್ರೂ ಬಿಡ್ತಾರಾ? ‘ನಮ್ಮ ಸಿಸ್ಟಮಲ್ಲಿ ತೋರಿಸ್ತಿಲ್ಲ ಸಾರ್.’ ನಮ್ಮ ಅಕೌಂಟಿಂದ ದುಡ್ಡು ಕಣ್ಣು ಮಿಟುಕಿಸೋದ್ರಲ್ಲಿ ಹೋಗಿರುತ್ತೆ, ಅವರ ಕಡೆ ಕಾಣಿಸ್ಕೊಳ್ಳೋಕೆ ಮಾತ್ರ ದಿನಗಟ್ಟಲೆ, ಮಧ್ಯದಲ್ಲಿ ಅದು ಯಾವ ತೀರ್ಥಯಾತ್ರೆಗೆ ಹೋಗಿರುತ್ತೋ ದೇವರಿಗೇ ಗೊತ್ತು.

ಫೋನ್ ಮಾಡಿದ್ದು ಅವರು, ನಾನ್ಯಾರು ಅಂತ ಸಾಬೀತು ಮಾಡ್ಬೇಕಾಗಿರೋದು ನಾನು. ‘ಸೆಕ್ಯುರಿಟಿಗೋಸ್ಕರ ನಿಮ್ಮ ಡೇಟ್ ಆಫ್ ಬರ್ತ್ ಹೇಳಿ ಸಾರ್.’ ಮೊದಲು ನೀವ್ಯಾರು ಅಂತ ನಂಗೆ ಹೇಗೆ ಗೊತ್ತಾಗ್ಬೇಕಮ್ಮ ಅಂದ್ರೆ ‘ನಾನು ರೆಕಾರ್ಡೆಡ್ ಲೈನಿಂದ ಮಾತಾಡ್ತಾ ಇದೀನಿ’ ಅಂತ ಉತ್ತರ. ಫೋನಲ್ಲಿ ಯಾರಿಗೂ ವಿವರ ಕೊಡಬೇಡಿ, ಮೋಸ ಹೋಗಬೇಡಿ ಅಂತ ಮೆಸೇಜ್ ಮೇಲೆ ಮೆಸೇಜ್ ಹಾಕೋದೂ ಇದೇ ಕಂಪನಿನೇ, ಅವರ ಮಾತಿಗೇ ಬೆಲೆ ಕೊಟ್ಟು ಹೇಳಲ್ಲ ಅಂದ್ರೆ ‘ಕಸ್ಟಮರ್ ಕೋಆಪರೇಟ್ ಮಾಡ್ತಿಲ್ಲ’ ಅಂತ ಬರ್ಕೊಳ್ಳೋದೂ ಇವರೇ.

ಕೆಲವು ಸಲ ಎತ್ತಿದ್ರೆ ಆ ಕಡೆ ಯಾರೂ ಇರಲ್ಲ. ಹಲೋ, ಹಲೋ, ಆಮೇಲೆ ಕಟ್. ದೆವ್ವ ಗಿವ್ವ ಅಲ್ಲ, ಅದು ಪ್ರೆಡಿಕ್ಟಿವ್ ಡಯಲರ್ ಅನ್ನೋ ಮೆಷಿನ್ನು. ಕಾಲ್ ಸೆಂಟರಿನ ಹುಡುಗರು ಒಂದು ಗಳಿಗೆನೂ ಖಾಲಿ ಕೂರಬಾರದು ಅಂತ ಇರೋ ಜನಕ್ಕಿಂತ ಜಾಸ್ತಿ ನಂಬರಿಗೆ ಒಟ್ಟಿಗೆ ಡಯಲ್ ಮಾಡುತ್ತೆ, ಮೊದಲು ಎತ್ತಿದವರಿಗೆ ಮನುಷ್ಯ, ಮಿಕ್ಕವರಿಗೆ ಮೌನ. ಸ್ನಾನ ಅರ್ಧಕ್ಕೆ ಬಿಟ್ಟು ಟವಲ್ ಸುತ್ಕೊಂಡು ಓಡಿ ಬಂದಿದ್ದು ಆ ಮೌನಕ್ಕೆ.

ಅಷ್ಟಕ್ಕೂ ಈ ಕ್ರೆಡಿಟ್ ಕಾರ್ಡ್ ಧಂದೆ ಶುರುವಾದ ಕಥೆನೇ ಚೆನ್ನಾಗಿದೆ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕದವ್ರು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಲ್ಲಿ ಸುಮಾರು 60,000 ಕಾರ್ಡುಗಳನ್ನ, ಯಾರೂ ಕೇಳದೇ ಇದ್ರೂ, ಪೋಸ್ಟಲ್ಲಿ ಹಂಚಿಬಿಟ್ರು. ಆಮೇಲೆ ರಾಜ್ಯಕ್ಕೆಲ್ಲ ಹಂಚಿದ್ರು, ಬಾಕಿ ಉಳಿಸ್ಕೊಂಡವರ ಸಂಖ್ಯೆ ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಗಿ ಲಕ್ಷಗಟ್ಟಲೆ ಡಾಲರ್ ಕೈ ಬಿಡ್ತು. ಕೊಡೋಕೆ ಒಬ್ಬ ಪೋಸ್ಟ್‌ಮ್ಯಾನ್ ಸಾಕು, ವಸೂಲಿಗೆ ಮಾತ್ರ ದಂಡೇ ಬೇಕು.

ಆ ದಂಡಿನ ಅಚ್ಚುಮೆಚ್ಚಿನ ಡೈಲಾಗು ‘ಪೂರ್ತಿ ಬೇಡ ಸಾರ್, ಮಿನಿಮಮ್ ಕಟ್ಟಿ ಸಾಕು’. ಏನ್ ದೊಡ್ಡ ಮನಸ್ಸು ರೀ! ಮಿನಿಮಮ್ ಕಟ್ಟಿದ್ರೆ ಲೇಟ್ ಫೀಸ್ ತಪ್ಪುತ್ತೆ ಅಷ್ಟೆ, ಉಳಿದಿದ್ದಕ್ಕೆ ಬಡ್ಡಿ ಓಡ್ತಾನೇ ಇರುತ್ತೆ, ಸಾಮಾನ್ಯವಾಗಿ ಹೊಸದಾಗಿ ತಗೊಂಡಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಇದನ್ನ ಮಾತ್ರ ಫೋನಲ್ಲಿ ಯಾರೂ ಜ್ಞಾಪಿಸಲ್ಲ.

ಇನ್ನು ಕೆಲಸ ಕಳ್ಕೊಂಡವನ ಹಳೇ ಆಫೀಸಿಗೆ, ಅವನ ವಯಸ್ಸಾದ ತಾಯಿಗೆ, ಮಾವನ ಮನೆಗೆ ಫೋನ್ ಮಾಡಿ ‘ಸ್ವಲ್ಪ ನೀವಾದ್ರೂ ಹೇಳಿ’ ಅಂತಾರಲ್ಲ, ಅದನ್ನ ತಮಾಷೆ ಮಾಡೋಕೆ ನನ್ ಕೈಲಿ ಆಗಲ್ಲ. ಅದು ವಸೂಲಿ ಅಲ್ಲ, ನಾಲ್ಕು ಜನರ ಮುಂದೆ ಮಾನ ತೆಗೆಯೋ ಕೆಲಸ. ಮಾತಾಡೋ ಹುಡುಗಿನ ಬೈದು ಏನು ಪ್ರಯೋಜನ, ಅವಳಿಗೆ ಟಾರ್ಗೆಟ್ ಇದೆ. ಟಾರ್ಗೆಟ್ ಹಾಕಿದವನ ನಂಬರ್ ಮಾತ್ರ ಯಾರ ಹತ್ರನೂ ಇಲ್ಲ.

ಇಷ್ಟೆಲ್ಲ ಆಗಿ ಫೋನ್ ಇಟ್ಟ ಮೇಲೆ ಅದೇ ಕಂಪನಿಯಿಂದ ಇನ್ನೊಂದು ಕಾಲ್, ‘ಸಾರ್, ನಿಮ್ಮ ಒಳ್ಳೇ ಟ್ರ್ಯಾಕ್ ರೆಕಾರ್ಡ್ ನೋಡಿ ಲಿಮಿಟ್ ಜಾಸ್ತಿ ಮಾಡ್ತಾ ಇದೀವಿ, ಜೊತೆಗೆ ಒಂದು ಲೋನೂ ಪ್ರೀ-ಅಪ್ರೂವ್ ಆಗಿದೆ’. ಈಗ ತಾನೇ ನಿಮ್ಮವರೇ ಬಾಕಿ ಅಂತ ಜಗಳ ಆಡಿದ್ರಲ್ಲ ಅಂದೆ. ‘ಅದು ಬೇರೆ ಡಿಪಾರ್ಟ್‌ಮೆಂಟ್ ಸಾರ್.’