ಅಕ್ಕಿಕಾಳಿಗಿಂತ ಮೊದಲು ಎನ್‌ಒಸಿ

ಗೋವಾದ ವಾಸ್ಕೋದಲ್ಲಿ ನಮ್ಮ ಮದುವೆಗಳಿಗೆ ಹೊಸ ಶಾಸ್ತ್ರವೊಂದು ಸೇರಿಕೊಂಡಿದೆ. ಅರಿಶಿನ, ಹಂದರ, ಎನ್‌ಒಸಿ, ಆಮೇಲೆ ಅಕ್ಕಿಕಾಳು. ಎನ್‌ಒಸಿ ಅಂದರೆ ಹಾಡಿನ ಹಕ್ಕು ಇರುವವರು ದುಡ್ಡು ತೆಗೆದುಕೊಂಡು ಕೊಡುವ 'ಹಾಕಿಕೊಳ್ಳಿ, ನಮ್ಮ ಅಭ್ಯಂತರವಿಲ್ಲ' ಎಂಬ ಚೀಟಿ. ಹಾಲ್, ಕುರ್ಚಿ, ಸ್ಪೀಕರ್ ಎಲ್ಲಕ್ಕೂ ಬಾಡಿಗೆ ಕಟ್ಟಿರುತ್ತೀರಿ. ಪೆನ್‌ಡ್ರೈವ್ ಅಂತೂ ಸ್ವಂತದ್ದು. ಅಷ್ಟರಲ್ಲಿ ಮ್ಯಾನೇಜರ್ ಬಂದು ಕೇಳುತ್ತಾನೆ: "ಕಾಕಾ, ಹಾಡಿನ ಎನ್‌ಒಸಿ ತಂದೀರೇನ್ರೀ?"

ಎಂಥ ಸೊಗಸು ನೋಡಿ! ಕುರ್ಚಿ ಹೊತ್ತೊಯ್ದರೆ ಮಾಲೀಕ ನಿಂತೇ ಇರಬೇಕು. ಹಾಡು ಹಾಕಿದರೆ ಅವನ ಹಾಡು ಅವನ ಹತ್ತಿರವೇ ಇರುತ್ತದೆ. ಆದರೂ ಕಾವಲು ಹಾಡಿಗೇ ಜಾಸ್ತಿ. ನಿಮಗೊಬ್ಬರು ಪತ್ರ ಬರೆದರೆ ಕಾಗದ ನಿಮ್ಮದು, ಅದನ್ನು ಅಚ್ಚು ಹಾಕಿಸುವ ಹಕ್ಕು ಬರೆದವರದ್ದು. ಇದೆಲ್ಲ ಸರಿಯೇ, ಹಾಡು ಕಟ್ಟಿದವರೂ ಊಟ ಮಾಡಬೇಕಲ್ವಾ.

ಆದರೆ ಹೊಲದ ಹಾಗಲ್ಲ ಇದು. ಗದಗದಲ್ಲಿರುವ ಅಜ್ಜನ ಹೊಲ, ಅಜ್ಜ ಸತ್ತು 60 ವರ್ಷವಾಯಿತು ಅಂತ ಊರಿನದಾಗುವುದಿಲ್ಲ. ಮೊಮ್ಮಕ್ಕಳು ಕೋರ್ಟಿನಲ್ಲಿ ಕಾದಾಡುತ್ತಲೇ ಇರಬಹುದು. ಪುಸ್ತಕದ, ಹಾಡಿನ ಸಾಹಿತ್ಯದ ಹಕ್ಕಿಗೆ ಮಾತ್ರ ಗಡುವಿದೆ, ಅದು ಮುಗಿದರೆ ಎಲ್ಲರದ್ದು. ಮೊದಲು ಅದು ಬರೆದವರು ತೀರಿಕೊಂಡ ಮೇಲೆ 50 ವರ್ಷ ಇತ್ತು. ಟ್ಯಾಗೋರ್ ತೀರಿಕೊಂಡದ್ದು 1941ರಲ್ಲಿ. 1991 ಮುಗಿಯುತ್ತಾ ಬಂದಾಗ ಅವರ ಬರಹಗಳ ಹಕ್ಕು ಇಟ್ಟುಕೊಂಡಿದ್ದ, ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೆ ಚಿಂತೆ ಹತ್ತಿತು. ಸರ್ಕಾರ ಇಡೀ ದೇಶಕ್ಕೇ 60 ಮಾಡಿಬಿಟ್ಟಿತು! ನಮ್ಮ ಅಜ್ಜನಿಗೆ ಈ ವಶೀಲಿ ಇರಲಿಲ್ಲ.

ಇರಲಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಏನು ಹೇಳುತ್ತದೆ? ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕಿದರೆ ಉಲ್ಲಂಘನೆಯಲ್ಲ. ಮದುವೆ ಮೆರವಣಿಗೆ, ಮದುವೆಯ ಸಂಭ್ರಮಗಳೂ ಅದರಲ್ಲೇ ಸೇರಿವೆ. 2023ರ ಜುಲೈನಲ್ಲಿ ಕೇಂದ್ರ ಇದನ್ನೇ ನೆನಪಿಸಿತು. 2024ರ ಜನವರಿಯಲ್ಲಿ ಗೋವಾ ಸರ್ಕಾರ, ಮದುವೆಯ ಹಾಡಿಗೆ ಅನುಮತಿ ಕೇಳಬೇಡಿ ಅಂತ ಸುತ್ತೋಲೆ ಹೊರಡಿಸಿತು. ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಸುತ್ತೋಲೆಯಿಂದ ಕಾಯ್ದೆಯನ್ನು ಎಳೆದು ಉದ್ದ ಮಾಡಬಾರದು, ಒಪ್ಪಿದೆ. ಆದರೆ ಕಲಮು ಅಲ್ಲೇ ಇದೆಯಲ್ಲ ಸ್ವಾಮಿ! ಮದುವೆಗೆ ಮುಂಚಿನ ಹಾಡು-ಕುಣಿತದ ಸಂಗೀತ್ ಸಮಾರಂಭ ಮದುವೆಯೋ ಪಾರ್ಟಿಯೋ ಅಂತ ರಾತ್ರಿ ಎಂಟಕ್ಕೆ ತೀರ್ಪು ಕೊಡುವವರು ಯಾರು? ಮ್ಯಾನೇಜರ್ರೇ.

ಹುಡುಗಿಯ ಅಪ್ಪ ಸಾಲ ಮಾಡಿ ಮದುವೆ ಮಾಡುತ್ತಿದ್ದಾನೆ. ಅವನ ಕೈಗೆ ಕಾಯ್ದೆ ಪುಸ್ತಕ ಕೊಟ್ಟು, ನಾಳೆ ಕೋರ್ಟಿಗೆ ಹೋಗಪ್ಪ ಅನ್ನುವುದಾ? ಬೀಗರ ಮುಂದೆ ಮಾನ ಹೋಗುತ್ತದೆ ಅಂತ ಸುಮ್ನೆ ದುಡ್ಡು ಎಣಿಸುತ್ತಾನೆ. ಕಾನೂನೇ ಬೇಡ ಅಂದ ದುಡ್ಡು ಅದು. ಇದನ್ನು ಹಕ್ಕು ಅಂತ ಕರೆಯಲು ನನಗೆ ನಾಚಿಕೆ. ಇದರಲ್ಲಿ ಹಾಡು ಬರೆದವರಿಗೆ ಎಷ್ಟು ಮುಟ್ಟುತ್ತದೆ ಅಂತ ಕೇಳಿ ನೋಡಿ, ಮ್ಯಾನೇಜರ್ ಎಲೆ ಎಷ್ಟು ಹಾಕಿಸಲಿ ಅಂತ ಊಟದ ಲೆಕ್ಕ ಶುರು ಮಾಡುತ್ತಾನೆ.